ಹೆತ್ತೆಯ ಮುಸ್ಸಂಜೆಯ ಪಾಪಗಳು

ಆಗೆಲ್ಲ ಅರವಂಕಾಡು ಫ್ಯಾಕ್ಟರಿಯ ಸಂಜೆಯ ಸೈರನ್ನು ನಮ್ಮ ಹಟ್ಟಿಗೆ ಕೇಳಿಸಿದರೆ ಎರಡು ಕೆಲಸ ಆಗುತ್ತಿದ್ದವು. ಅಮ್ಮ ಅವರೆಯ ಸಾರಿಗೆ ಒಲೆ ಹೊತ್ತಿಸುತ್ತಿದ್ದಳು. ಹೆತ್ತೆ ತನ್ನ ಪಾಪಗಳನ್ನು ಹೇಳಲು ಮಂಡಿಯೂರುತ್ತಿದ್ದಳು.

ಹೆತ್ತೆ ಎಂದರೆ ನಮ್ಮ ಬಡಗ ಮಾತಿನಲ್ಲಿ ಅಜ್ಜಿ. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯೆಲ್ಲ ತಮಿಳಿನಲ್ಲಿ. ಮನೆಯಲ್ಲಿ ಮಾತ್ರ ದೇವರು ಅವಳ ಬಡಗವನ್ನೇ ಕೇಳಬೇಕಿತ್ತು, ಅದೂ ಗಟ್ಟಿಯಾಗಿ. "ಕರ್ತಾ, ಇಂದು ಚಹಾ ಎಲೆ ತೂಕದ ಹತ್ತರ ಮಾದಿಯ ಬೈದುಬುಟ್ಟೆ. ಎನ್ನ ಮನ್ನಿಸು." ನಾನೂ ತಂಗಿಯೂ ನಗು ತಡೆಯಲು ಕಂಬಳಿ ಕಚ್ಚಿಕೊಳ್ಳುತ್ತಿದ್ದೆವು. ತಂಗಿಗಿಂತ ನನಗೆ ದೊಡ್ಡ ಬೆಲ್ಲದ ತುಂಡು ಕೊಟ್ಟದ್ದೂ ಒಮ್ಮೆ ದೇವರವರೆಗೆ ಹೋಯಿತು. ಅದರಿಂದ ನನಗೆ ನಷ್ಟವೇ, ಮರುದಿನದಿಂದ ತುಂಡುಗಳು ಸಮವಾದವು. ಎಲ್ಲ ಹೇಳಿ ಮುಗಿಸಿ, ಮಂಡಿ ಒರೆಸಿಕೊಂಡು, "ಇಳಿಸಿದೆ" ಎಂದು ಏಳುತ್ತಿದ್ದಳು. ಆಮೇಲೆ ಆಲೂಗಡ್ಡೆ ಸುಲಿಯುವಾಗ ಅವಳ ಹಗುರಾದ ಮುಖ ನೋಡಬೇಕಿತ್ತು. ಮರುದಿನ ಬೆಳಿಗ್ಗೆ ನೆರೆಯ ಮಾದಿಯ ಮನೆಗೆ ಒಂದು ಹಿಡಿ ಬೀನ್ಸ್ ಹೋಗುತ್ತಿತ್ತು.

ನಾನು ಹೇಳಹೊರಟದ್ದು ಈಸ್ಟರಿಗೆ ಮುಂಚಿನ ಒಂದು ಋತು. ಹಿಮ ಬೀಳುವುದು ನಿಂತು ಪೇರ್ ಹಣ್ಣಿನ ಮರಗಳು ಬೆಳ್ಳಗೆ ಹೂ ಬಿಟ್ಟಿದ್ದವು. ಹೆತ್ತೆಗೆ ಕೆಮ್ಮು ಹಿಡಿದು ತಿಂಗಳಾಗಿತ್ತು. ಅವಳ ಅಣ್ಣ ಜೋಗಿ ತಾತನ ಹಟ್ಟಿ ಚಹಾ ತೋಟದ ಆಚೆ ದಿಣ್ಣೆಯಲ್ಲಿತ್ತು. ಅವರು ಹಿಂದೂಗಳು. ಹೆತ್ತೆ ಕ್ರೈಸ್ತರಾದ ನಮ್ಮ ಸ್ವಂತ ಅಜ್ಜನನ್ನು ಮದುವೆಯಾಗಿ ದೀಕ್ಷಾಸ್ನಾನ ತೆಗೆದುಕೊಂಡ ದಿನದಿಂದ ಆ ಅಣ್ಣ ತಂಗಿಯ ಮನೆಯ ನೀರು ಮುಟ್ಟಿರಲಿಲ್ಲ. ಮಕ್ಕಳು ನಾವು ಮಾತ್ರ ಅಲ್ಲೂ ಉಣ್ಣುತ್ತಿದ್ದೆವು, ಇಲ್ಲೂ ಉಣ್ಣುತ್ತಿದ್ದೆವು.

ನಮ್ಮ ಕಡೆಯ ಹಿಂದೂ ಬಡಗರಲ್ಲಿ ಯಾರಾದರೂ ತೀರಿಕೊಂಡರೆ ಹಿರಿಯರೊಬ್ಬರು ಹೆಣದ ಮುಂದೆ ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳಿ ಬಿಡುಗಡೆ ಬೇಡುತ್ತಾರೆ. ಸೇರಿದವರೆಲ್ಲ ದನಿಗೂಡಿಸುತ್ತಾರೆ. ಸುತ್ತಿನ ಹಟ್ಟಿಗಳಲ್ಲಿ ಇದಕ್ಕೆ ಜೋಗಿ ತಾತನೇ ಆಗಬೇಕು. ನೋಡಿ ನೋಡಿ ನಮಗೆ ಅದೂ ಒಂದು ಆಟವಾಗಿತ್ತು. ಒಬ್ಬರು ಸಾಯಬೇಕು, ಒಬ್ಬರು ಹೇಳಬೇಕು, ಉಳಿದವರು ಕೂಗಬೇಕು. ಒಂದು ದಿನ ಸಾಯುವ ಸರದಿ ನನ್ನದು. ಜೋಗಿ ತಾತನ ಮೊಮ್ಮಗ ಬೆಳ್ಳಿ ಬೇಡವೆಂದ.

"ನಿಂಗ ಕಿರಿಸ್ತವರು. ನಿಂಗ ಸತ್ತಲೆ ಪಾಪ ಹೇಳೋಕೆ ಒಬ್ಬರೂ ಇಲ್ಲೆ. ಎಲ್ಲ ನಿಂಗ ಮೈಮೇಲೆಯೇ ಇರುತ್ತು."

ನನ್ನ ಪಾಪಗಳ ಯೋಚನೆ ಬರಲಿಲ್ಲ, ಹೆತ್ತೆಯ ಕೆಮ್ಮು ನೆನಪಾಯಿತು. ನೇರ ತಾತನ ಬಳಿ ಓಡಿದೆ. ಅವನು ಜಗಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ.

"ತಾತ, ಹೆತ್ತೆ ಸತ್ತಲೆ ನೀನೇ ಬಂದು ಹೇಳಬೇಕು."

ತಾತ ನಮ್ಮ ಹಟ್ಟಿಯ ಕಡೆ ನೋಡಿದ. "ಅವಳ ಪಾಪ ಎನಗ ಎಲ್ಲಿ ಗೊತ್ತು? ಆ ಮನೆಗ ಕಾಲಿಟ್ಟವನೇ ಅಲ್ಲ."

"ಸೈರನ್ನು ಆದ ಮೇಲೆ ಬಾ. ಅವಳೇ ದಿನಾ ಹೇಳ್ತಾಳೆ."

ಶುಭ ಶುಕ್ರವಾರದ ಸಂಜೆ ತಾತ ಬಂದ. ಒಳಗೆ ಬರಲಿಲ್ಲ, ಕೋಲು ಊರಿ ಜಗಲಿಯ ತುದಿಯಲ್ಲಿ ಕುಳಿತ. ಸೈರನ್ನು ಕೇಳಿಸಿತು. ಹೆತ್ತೆ ಕೆಮ್ಮುತ್ತಲೇ ಮಂಡಿಯೂರಿದಳು. ಮೊದಲು ಸಣ್ಣಪುಟ್ಟವು ಬಂದವು. ಆಮೇಲೆ ಅವಳ ದನಿ ಇಳಿಯಿತು.

"ಕರ್ತಾ, ಇಂದು ನೀ ಎನಗಾಗಿ ಶಿಲುಬೆ ಹೊತ್ತ ದಿನ. ಎನ್ನ ಅಣ್ಣ ಎನ್ನ ಮನೆ ನೀರ ಕುಡಿತಿಲ್ಲೆ ಎಂದು ಇಷ್ಟು ವರ್ಷ ಹೊಟ್ಟೆಯೊಳಗ ಸಿಟ್ಟು ಹೊತ್ತೆ. ಇದೊಂದ ಮಾತ್ರ ನಿನಗೂ ಹೇಳದೆ ಇಟ್ಟುಕೊಂಡಿದ್ದೆ. ಅವ ಕುಡಿದಲೂ ಸರಿ, ಕುಡಿಯದಿದ್ದಲೂ ಸರಿ. ಈ ಸಿಟ್ಟ ಎನ್ನಿಂದ ತೆಗೆ."

"ಇಳಿಸಿದೆ" ಎಂದು ಎದ್ದಳು. ಆವತ್ತು ನಮಗೆ ನಗು ಬರಲಿಲ್ಲ.

ಹೊರಗೆ ತಾತ ಕೋಲಿನಿಂದ ಜಗಲಿ ತಟ್ಟಿದ. "ಮಗುವೇ, ಒಳಗ ಕಾಪಿ ಇದ್ದಲೆ ತರೋಕೆ ಹೇಳು."

ಹೆತ್ತೆಯೇ ಲೋಟ ಹಿಡಿದು ಹೊರಗೆ ಹೋದಳು. ಇಬ್ಬರೂ ಏನೂ ಆಗದವರ ಹಾಗೆ ಚಹಾ ಎಲೆಯ ವಿಷಯ ಮಾತಾಡಿದರು. ತಾತ ಎರಡನೆಯ ಲೋಟವನ್ನೂ ಕುಡಿದ. ಅಣ್ಣ ಹೊರಗೆ ಕೂತದ್ದು ನಿನಗೆ ಗೊತ್ತಿತ್ತಾ ಎಂದು ಆಮೇಲೆ ನಾನು ಕೇಳಿದ್ದಕ್ಕೆ ಹೆತ್ತೆ, "ದೇವರಿಗ ಗೊತ್ತಿತ್ತು" ಎಂದು ನಕ್ಕಳು. ಈಸ್ಟರಿನ ಹೊತ್ತಿಗೆ ಕೆಮ್ಮೂ ಹೋಯಿತು. ಹಬ್ಬದ ಊಟಕ್ಕೆ ತಾತ ಒಳಗೆ ಬಂದು ನಮ್ಮ ಪಕ್ಕದಲ್ಲೇ ಎಲೆಯ ಮುಂದೆ ಕುಳಿತ.

ತಾತ ಹೆತ್ತೆಗಿಂತ ಮೊದಲೇ ತೀರಿಹೋದ. ಅವನ ಪಾಪಗಳನ್ನು ಹೇಳಲು ಬೇರೆ ಹಟ್ಟಿಯವರು ಬಂದರು. ಹೆತ್ತೆ ಸೆರಗು ಹೊದ್ದು ಜನರ ನಡುವೆ ನಿಂತು, ಪ್ರತಿ ಮಾತಿಗೂ ಮೆಲ್ಲಗೆ "ಮನ್ನಿಸು ಕರ್ತಾ" ಅನ್ನುತ್ತಿದ್ದಳು. ಕೆಲವು ವರ್ಷಗಳ ನಂತರ ಅವಳನ್ನು ಚರ್ಚಿನ ಹಿಂದೆ ಮಣ್ಣು ಮಾಡಿದೆವು. ಬೆಳ್ಳಿ ಬಂದಿದ್ದ, ಅವನಿಗೆ ಮೀಸೆ ಬಂದಿತ್ತು. ಪಾದ್ರಿ ಅಯ್ಯರು ಪ್ರಾರ್ಥನೆ ಮುಗಿಸಿದ ಮೇಲೆ ನನ್ನ ಪಕ್ಕ ನಿಂತು ಹೇಳಿದ: "ನಿನ್ನ ಹೆತ್ತೆ ನಂಗ ಹೇಳೋಕೆ ಒಂದು ಪಾಪವೂ ಬಿಟ್ಟು ಹೋಗಿಲ್ಲೆ."

ಈಗ ನಾನು ಊಟಿಯಲ್ಲಿದ್ದೇನೆ. ಸೈರನ್ನು ಇಲ್ಲಿಗೆ ಕೇಳಿಸುವುದಿಲ್ಲ. ಸಂಜೆ ಮಂಡಿಯೂರುತ್ತೇನೆ, ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ, ಸಮಾಧಾನವೂ ಆಗುತ್ತದೆ. ಆದರೆ ಆ ಮನೆಯಲ್ಲಿ ಪಾಪಗಳನ್ನು ದೇವರೊಬ್ಬನೇ ಕೇಳುತ್ತಿರಲಿಲ್ಲ. ಕಂಬಳಿ ಕಚ್ಚಿಕೊಂಡು ನಾವೂ ಕೇಳುತ್ತಿದ್ದೆವು, ಒಮ್ಮೆ ಜಗಲಿಯ ತುದಿಯಲ್ಲಿ ಕೂತು ಅವಳ ಅಣ್ಣನೂ ಕೇಳಿದ್ದ.