ಮೋರಟಗಿ ಎಣ್ಣೆಯ ಪಥ್ಯ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಡಾಕ್ಟರಿಕೆ ಓದುತ್ತಿದ್ದೆ. ರಜೆಗೆ ಕನ್ನೊಳ್ಳಿಗೆ ಬಂದರೆ ಊರವರ ನಾಡಿಗಿಂತ ಮೊದಲು ಅವರ ಮಾತಿನ ತಪ್ಪು ಹಿಡಿಯುವ ಚಟ. ಆ ಸಲ ಅವ್ವನ ಮೊಣಕಾಲು ಬಾತಿತ್ತು. ಒಲೆ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿದು, ಏಳುವಾಗ ಗೋಡೆ ಹಿಡಿಯುತ್ತಿದ್ದಳು. ನಾನು ತಂದ ಮಾತ್ರೆಯಿಂದ ಹೊಟ್ಟೆ ಕೆಟ್ಟಿತೇ ಹೊರತು ಕಾಲುನೋವು ಹೋಗಲಿಲ್ಲ.

ಅವ್ವನ ಆಸೆಯೆಲ್ಲ ಮೋರಟಗಿಯ ಅಜ್ಜನೊಬ್ಬ ಕಾಯಿಸಿ ಕೊಡುವ ಎಣ್ಣೆಯ ಮೇಲೆ. ತರಿಸಲೋ ಬೇಡವೋ ಎಂದು ನನ್ನನ್ನೇ ಕೇಳಿದಳು. ಒಬ್ಬರಿಗೆ ಗುಣವಾದರೆ ನಂಬಬಾರದು, ಹಲವು ಕಡೆಯ ಸಣ್ಣಸಣ್ಣ ಪರೀಕ್ಷೆಗಳನ್ನು ಕೂಡಿಸಿ ತೂಗಬೇಕು ಎಂದು ಕಾಲೇಜಿನಲ್ಲಿ ಆಗಷ್ಟೇ ಕೇಳಿದ್ದೆ. ಅದಕ್ಕೆ ಮೆಟಾ ಅನಾಲಿಸಿಸ್ ಎಂಬ ಭಾರೀ ಹೆಸರು. ಸರಿ, ಬಸ್ಸು ಹತ್ತಿದೆ. ಇಂಡಿ ಊರಿನ ಚಿಗವ್ವ, ಸಿಂದಗಿಯ ದೊಡ್ಡವ್ವ, ಮುದ್ದೇಬಿಹಾಳದ ಸೋದರತ್ತೆ, ಬಸವನ ಬಾಗೇವಾಡಿಯಲ್ಲಿದ್ದ ಅಕ್ಕನ ಅತ್ತೆ, ಎಲ್ಲರೂ ಆ ಎಣ್ಣೆ ಹಚ್ಚಿದವರೇ. ಎಲ್ಲರಿಗೂ ನೋವು ಇಳಿದಿತ್ತು. ಒಬ್ಬರ ಮಾತಾದರೆ ತಳ್ಳಿಹಾಕುತ್ತಿದ್ದೆ. ನಾಲ್ವರು ಹೇಳಿದ ಮೇಲೆ ಹಟ ಸಡಿಲಾಯಿತು.

ಮರಳುವಾಗ ಬಸ್ಸಿನಲ್ಲಿ ಒಂದು ಸಂಗತಿ ಹೊಳೆಯಿತು. ಎಣ್ಣೆಯ ಜೊತೆ ಅಜ್ಜ ಒಂದು ಪಥ್ಯ ಹೇಳುತ್ತಿದ್ದ: ಎಣ್ಣೆ ತೀರುವವರೆಗೆ ಒಲೆ ಮುಂದೆ ಕೂಡಬಾರದು, ಕಾವು ತಾಗಿದರೆ ಔಷಧ ಕೆಡುತ್ತದೆ. ನಾಲ್ಕೂ ಮನೆಯಲ್ಲಿ ಆಗ ರೊಟ್ಟಿ ಬಡಿದವರು ಬೇರೆಯವರು. ಗುಣ ಮಾಡಿದ್ದು ಎಣ್ಣೆಯೋ, ವಿಶ್ರಾಂತಿಯೋ? ಎಲ್ಲ ಕಡೆಯೂ ಎರಡೂ ಒಟ್ಟಿಗೇ ಇದ್ದವು. ಇನ್ನೂ ಹತ್ತು ತಾಲ್ಲೂಕು ಕೂಡಿಸಿದರೂ ಅದು ಬಿಡಿಸಲಾಗದ ಗಂಟು.

ನನಗೆ ಹಿಗ್ಗೋ ಹಿಗ್ಗು. ಅವ್ವನಿಗೆ ಎಲ್ಲ ಬಿಡಿಸಿ ಹೇಳಿ, ಎಣ್ಣೆಯ ಗೊಡವೆ ಬೇಡ, ರೊಟ್ಟಿ ಬಡಿಯುವುದು ಬಿಟ್ಟರೆ ಸಾಕು ಅಂದೆ. ಅವಳು ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ನಕ್ಕಳು.

"ಎಣ್ಣಿ ಹಚ್ಚಲಾರ್ದ ಸುಮ್ನ ಕುಂತ್ರ, ಈ ಮನ್ಯಾಗ ಯಾರ್ ಕೂಡಾಕ ಬಿಡ್ತಾರವಾ ನನ್ನ?"

ನನಗೆ ಸಿಟ್ಟು ಬಂತು, ನಗುವೂ ಬಂತು. ಮರುದಿನವೇ ಎಣ್ಣೆ ತರಿಸಿದೆ. ಹಚ್ಚಿಕೊಂಡ ಸಂಜೆ ರೂಢಿಯಂತೆ ಒಲೆಯ ಕಡೆ ಹೊರಟವಳನ್ನು ತಡೆದದ್ದು ಅಪ್ಪ. ಅಲ್ಲಿಯವರೆಗೆ ಅವಳ ಕಾಲಿನ ಬಗ್ಗೆ ಒಂದು ಮಾತೂ ಆಡಿರದ ಅಪ್ಪ.

"ಅಲ್ಲಿ ಕೂಡಬ್ಯಾಡ, ಔಷಧ ಕೆಡ್ತೈತಿ."

ಅವ್ವ ಪಡಸಾಲೆಯಲ್ಲಿ ಆರಾಮಾಗಿ ಕಾಲು ಚಾಚಿ ಕೂತು ನನ್ನ ಕಡೆ ನೋಡಿದಳು. ನಾನು ಸೆರಗು ಸಿಕ್ಕಿಸಿ ರೊಟ್ಟಿ ಬಡಿಯಲು ಹೋದೆ.