ಚೈನ್ ಕಂಡರಾಗದ ಚೆನ್ನಕೇಶವ

ಬೇರಿಕೆಯ ಮೆಕ್ಯಾನಿಕ್ ಚೆನ್ನಕೇಶವನಿಗೆ ಎಂಜಿನ್ನಿನೊಳಗೆ ಸುತ್ತುವ ಟೈಮಿಂಗ್ ಚೈನ್ ಕಂಡರಾಗದು. ಆಯಿಲ್ ಬದಲಿಸಲು ಬಂದ ಕಾರಿನ ಚೈನನ್ನೂ ಕಿತ್ತು, ಆ ಜಾಗದಲ್ಲಿ ಹಲ್ಲಿನ ಗೇರ್ ಕೂರಿಸಿ ಕಳಿಸುತ್ತಾನೆ. ಮನೆಯ ನಾಯಿಗೂ ಚೈನ್ ತೆಗೆದು ಹಗ್ಗ ಕಟ್ಟಿದ್ದಾನೆ. ಗೇರ್ ಕೂತ ಕಾರು ಹೊಸೂರಿನವರೆಗೂ ಕೂಗುತ್ತಲೇ ಹೋಗುತ್ತದೆ. 'ಅಣ್ಣೋ, ಹೆಣ್ಣು ನೋಡಾಕೆ ಹೋದ್ರೆ ಹಿಟ್ಟಿನ ಮಿಷನ್ ಬಂತು ಅಂತ ರಾಗಿ ಮೂಟೆ ತಂದ್ಬುಟ್ರು' ಎಂದು ಗಿರಾಕಿ ಕುಮಾರೇಶ್ ಗೋಳಾಡಿದರೆ, 'ಚೈನು ಕಳ್ಳ ಕಣ್ಲಾ, ಸದ್ದಿಲ್ದೆ ಸಡ್ಲ ಆಯ್ತದೆ. ಗೇರು ಕೂಗಿ ಹೇಳ್ತದೆ' ಎನ್ನುತ್ತಾನೆ ಚೆನ್ನಕೇಶವ. ಆದರೂ ಯಾರೂ ಬೇರೆ ಶೆಡ್ಡಿಗೆ ಹೋಗುವುದಿಲ್ಲ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವ ಈತನ ಕಿವಿ ಮಂದವಾಗಿದೆ, ಗೇರಿನ ಕೂಗೊಂದೇ ಈಗ ಕೇಳಿಸುವುದು, ಅದೂ ನಿಂತರೆ ಶೆಡ್ ಮುಚ್ಚಬೇಕು ಎಂಬುದು ಊರಿಗೆಲ್ಲ ಗೊತ್ತು. ಮೊನ್ನೆ ಕುಮಾರೇಶ್ ಹೊಸ ಕಾರು ತಂದು, ತಾನೇ ಬಾನೆಟ್ ಎತ್ತಿ, ಜೋರಾಗಿ ಹೇಳಿದ: 'ಅಣ್ಣಾ, ಇದ್ಕೂ ಗೇರ್ ಹಾಕ್ಬುಡು.'