ಅಂದಾನಪ್ಪನ ಕಿವಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಅಂದಾನಪ್ಪನ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಮೊದಲು ಮಗ್ಗದ ಶೆಡ್ಡನ್ನು ತೋರಿಸುತ್ತಾರೆ. ಅದಕ್ಕೂ ಅವನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಆ ಕಡೆ ಹನ್ನೆರಡು ವಿದ್ಯುತ್ ಮಗ್ಗಗಳು ಬೆಳಗಿನಿಂದ ಬಡಿಯುತ್ತವೆ. ಈ ಕಡೆ ಅವನು ಹಾರ್ಮೋನಿಯಂಗಳಿಗೆ ಸ್ವರ ಕೂಡಿಸುತ್ತಾನೆ. ಹಾರ್ಮೋನಿಯಂ ಎಂದು ಅಲ್ಲಿ ಯಾರೂ ಅನ್ನುವುದಿಲ್ಲ. ಪೇಟಿ ಅನ್ನುತ್ತಾರೆ.

ಕೊರ್ಲಹಳ್ಳಿಯ ಹೊಳೆದಂಡೆ ಬಿಟ್ಟು ಅವನು ಗದುಗಿಗೆ ಬಂದಾಗ ಹನ್ನೆರಡು ವರ್ಷ. ಪೇಟಿ ರಿಪೇರಿಯ ಉಸ್ತಾದರು ಮೂರು ವರ್ಷ ಅವನ ಕೈಗೆ ಹಿತ್ತಾಳೆ ಕೆರೆಯುವ ಅರ ಕೊಡಲಿಲ್ಲ. ಗಾಳಿ ತುಂಬುವ ತಿದಿ ಒತ್ತು, ಕೇಳು, ಅಷ್ಟೇ ಎಂದರು. ಪೇಟಿಯ ಒಂದು ಮನೆಯನ್ನು, ಅಂದರೆ ಬೆರಳಿಡುವ ಒಂದು ಪಟ್ಟಿಯನ್ನು, ಒತ್ತಿದರೆ ಒಳಗೆ ಎರಡು ಹಿತ್ತಾಳೆಯ ರೀಡುಗಳು ಒಟ್ಟಿಗೆ ನುಡಿಯುತ್ತವೆ. ಎರಡರ ನಡುವೆ ಕೂದಲೆಳೆಯಷ್ಟು ಅಂತರವಿದ್ದರೂ ಸ್ವರ ನೀರಿನ ಮೇಲಿನ ಬೆಳಕಿನಂತೆ ಅಲೆಯುತ್ತದೆ. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಅಲೆ ನಿಂತ ಆ ಗಳಿಗೆಗೆ ಕೈಯೂ ನಿಲ್ಲಬೇಕು. ಕೆರೆದು ಹೋದ ಹಿತ್ತಾಳೆ ಮರಳಿ ಬರುವುದಿಲ್ಲ. ಅಂದಾನಪ್ಪನಿಗೆ ಬಂದದ್ದು ಇದೊಂದೇ ವಿದ್ಯೆ, ಅದು ಚೆನ್ನಾಗಿ ಬಂದಿತ್ತು. ದಾರಿಯಲ್ಲಿ ನಡೆಯುತ್ತಿದ್ದವನು ನಿಂತು, ಯಾರದೋ ಮನೆಯ ಒಳಗಿನ ಪೇಟಿಗೆ ಹೊರಗಿನಿಂದಲೇ, "ಮಧ್ಯಮ ಸೀಳೈತಿ ನೋಡ್ರಿ" ಎಂದು ಹೇಳಿ ಹೋಗುತ್ತಿದ್ದ ಕಾಲವೊಂದಿತ್ತು.

ಆಷಾಢ ಬಂತೆಂದರೆ ಸುತ್ತಲಿನ ಭಜನಾ ಮಂಡಳಿಗಳು ಶ್ರಾವಣದ ತಯಾರಿಗೆ ತಮ್ಮ ಪೇಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ಅವನ ಅಂಗಡಿಗೆ ತರುತ್ತವೆ. ಸೊರಟೂರು, ಹಿರೇಹಂದಿಗೋಳ, ಶಿರಹಟ್ಟಿಯ ಒಂದೆರಡು ಓಣಿ, ಅವನ ಹುಟ್ಟೂರಾದ ಕೊರ್ಲಹಳ್ಳಿ. ಪೇಟಿ ಒಯ್ಯಲು ಬಂದವರು ಅವನೆದುರು ಪರೀಕ್ಷೆ ಮಾಡುವುದಿಲ್ಲ, ಅದು ಮರ್ಯಾದೆಯಲ್ಲ. ನಾಲ್ಕು ಸಾಲು ನುಡಿಸುವುದು, ಭಾಳ ಚಲೋ ಆತ್ರಿ ಎನ್ನುವುದು, ಮತ್ತೆ ಬಟ್ಟೆ ಕಟ್ಟುವುದು. ನಲವತ್ತು ವರ್ಷದಿಂದ ಇದೇ ಪದ್ಧತಿ.

ಎರಡು ವರ್ಷದಿಂದ ಪೇಟಿಯ ಮೇಲಿನ ಸಪ್ತಕ ಅವನಿಗೆ ತೆಳ್ಳಗಾಗಿತ್ತು. ಸ್ವರ ಕೇಳುತ್ತಿತ್ತು, ಅದರ ಅಲೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಶೇಖವ್ವ, "ಟೀವಿ ಸಣ್ಣ ಮಾಡ್ರಿ, ಮೂರು ಓಣಿಗೆ ಕೇಳಾಕತ್ತೈತಿ" ಎಂದು ಬೈಯುತ್ತಿದ್ದಳು. ಅವನು ಮಗ್ಗಗಳನ್ನು ಬೈಯುತ್ತಿದ್ದ. ಕರೆಂಟು ಹೋಗಿ ಮಗ್ಗ ನಿಂತಾಗಲೂ ಕಿವಿಯಲ್ಲಿ ಒಂದು ಗುಂಯ್ ಉಳಿಯುತ್ತಿತ್ತು. ಸದ್ದು ಗೋಡೆಯೊಳಗೆ ಸೇರಿಕೊಂಡಿದೆ, ಎಲ್ಲಿಯಾದರೂ ಪೂರ್ತಿ ಸದ್ದಡಗಿದ ಜಾಗ ಸಿಕ್ಕರೆ ಎಲ್ಲವೂ ಮೊದಲಿನಂತೆ ಕೇಳುತ್ತದೆ ಎಂದು ಅವನು ನಂಬಿದ್ದ. ಪೇಟಿಗಳ ಬಗ್ಗೆ ಯಾವ ಊರಿನಿಂದಲೂ ದೂರು ಬಂದಿರಲಿಲ್ಲ. ಅದೇ ಅವನ ಧೈರ್ಯ.

ಈ ಆಷಾಢದ ಒಂದು ಮಧ್ಯಾಹ್ನ ಸೊರಟೂರಿನ ಭಜನಾ ಮಂಡಳಿಯ ಯಂಕಪ್ಪ ಪೇಟಿ ತಂದು ಕೂತಿದ್ದ. ಮೂಲೆಯಲ್ಲಿ ಅಂದಾನಪ್ಪನ ಮಗಳು ಸುನಿತಾ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಪೇಟಿಯ ಬೆನ್ನು ಬಿಚ್ಚುತ್ತಿದ್ದ ಅಂದಾನಪ್ಪನಿಗೆ ಯಂಕಪ್ಪ ಮೆಲ್ಲಗೆ ಹೇಳಿದ:

"ಅಣ್ಣಾ, ಈ ಸಲ ಬರೇ ಧೂಳಾ ಹೊಡದು, ತಿದಿಗೆ ತೊಗಲು ಹಚ್ಚಿ ಕೊಡು. ಸ್ವರಾ ಏನ್ ಮುಟ್ಟಬ್ಯಾಡ. ಚಲೋ ಅದಾವ."

"ಚಲೋ ಅದಾವೋ ಇಲ್ಲೋ ನಾ ಹೇಳಬೇಕೋ, ನೀ ಹೇಳಬೇಕೋ?" ಎಂದು ಅಂದಾನಪ್ಪ ನಕ್ಕ.

ಆಗಲೇ ಶೀತಲ್ ಬಂದದ್ದು. ಅವನು ಲಕ್ಷ್ಮೇಶ್ವರದ ಬಟ್ಟೆ ವ್ಯಾಪಾರಿಯ ಮಗ, ಮೂವತ್ತರ ಆಸುಪಾಸು, ಸಂಗೀತ ಕೇಳುವ ಹುಚ್ಚು. ಅವರ ಮನೆಯ ಪೇಟಿಯೂ ಅಂದಾನಪ್ಪನ ಕೈಯದೇ.

"ಬರ್ರಿ ಸಾವಕಾರ್ರ, ಕುಂಡ್ರಿ."

"ಸಾವಕಾರ ಅಪ್ಪ ಅದಾನ್ರಿ. ನಾ ಬರೇ ಬಟ್ಟಿ ಮಡಚಾಂವ," ಎನ್ನುತ್ತ ಶೀತಲ್ ಚೀಲದಿಂದ ಒಂದು ಸಣ್ಣ ಹಾಡಿನ ಪ್ಲೇಯರನ್ನೂ ಎರಡು ಡಬ್ಬಿಗಳನ್ನೂ ತೆಗೆದ. ಒಂದೊಂದು ಡಬ್ಬಿಯಲ್ಲೂ ಕಿವಿಯೊಳಗೆ ಇಡುವ ಒಂದೊಂದು ಜೋಡಿ ಇಯರ್‌ಫೋನ್. "ಹುಬ್ಬಳ್ಳ್ಯಾಗ ಗೆಳ್ಯಾನ ಅಂಗಡಿ ಐತ್ರಿ. ಎಂಟು ದಿನ ಕೇಳಿ ನೋಡು, ಬೇಕಾದ್ದು ಇಟ್ಕೊ ಅಂತ ಎರಡೂ ಕೊಟ್ಟಾನ. ನಂಗ ತಿಳೀವಲ್ದು. ನಿಮ್ಮ ಕಿವಿ ಯಾವುದು ಅಂತೈತಿ, ಅದನ್ನ ಇಟ್ಕೋತೇನಿ."

ಯಂಕಪ್ಪ ಬೆಲೆ ಕೇಳಿದ. ಶೀತಲ್ ದನಿ ತಗ್ಗಿಸಿ ಹೇಳಿದ.

"ಯಪ್ಪಾ! ಅಷ್ಟರಾಗ ಒಂದು ಎಮ್ಮಿ ಬರತೈತಲ್ಲೋ ತಮ್ಮಾ! ಅದು ಹಾಲರ ಕೊಡತೈತಿ."

"ಇದು ಹಾಡ ಕೊಡತೈತ್ರಿ ಕಾಕಾ."

"ಹಾಡು ನಾನೂ ಕೊಡತೇನಿ. ಒಂದು ಕಪ್ಪು ಚಾ ಕುಡಿಸು ಸಾಕು."

ತುದಿಗೆ ಸಿಕ್ಕಿಸುವ ರಬ್ಬರುಗಳು ಮೂರು ಅಳತೆಯಲ್ಲಿದ್ದವು. ಸಣ್ಣದು ಅಂದಾನಪ್ಪನ ಕಿವಿಯಿಂದ ಜಾರಿತು. ದೊಡ್ಡದು ನೋಯಿಸಿತು. ನಡುವಿನದನ್ನು ಸಿಕ್ಕಿಸಿ ಶೀತಲ್ ಮುದುಕನ ಕಿವಿಯನ್ನು ಮೇಲಕ್ಕೆಳೆದು ಮೆಲ್ಲಗೆ ತಿರುವಿದ. ಅದು ಬಿರಡೆಯಂತೆ ಕೂತಿತು. ಗೋಡೆಯಾಚೆಯ ಹನ್ನೆರಡು ಮಗ್ಗಗಳು ಎಲ್ಲಿಗೋ ದೂರ ಹೋದವು.

"ಮಗ್ಗಾ ನಿಂತ್ವು!" ಎಂದು ಅಂದಾನಪ್ಪ ಕೂಗಿದ.

"ನಾ ಇಲ್ಲೇ ಕುಂತೇನೋ ಅಣ್ಣಾ," ಎಂದ ಯಂಕಪ್ಪ. "ಸೊರಟೂರಿಗೆ ಕೇಳೂ ಹಂಗ ಒದರಬ್ಯಾಡ."

ಅಂದಾನಪ್ಪನಿಗೆ ಅದು ಕೇಳಿಸಲಿಲ್ಲ. ಅವನ ಮುಖ ಅರಳಿತ್ತು. ಕರೆಂಟು ಹೋದ ಗಳಿಗೆಗಳನ್ನು ಬಿಟ್ಟರೆ, ನಲವತ್ತು ವರ್ಷದಲ್ಲಿ ಆ ಅಂಗಡಿಯೊಳಗೆ ಕೂತು ಅವನು ಮಗ್ಗವಿಲ್ಲದ ಹಗಲನ್ನು ಕಂಡಿರಲಿಲ್ಲ. ತಾನು ಹುಡುಕುತ್ತಿದ್ದ ಜಾಗ ಇದೇ. ಇನ್ನು ಎಲ್ಲವೂ ಕೇಳಬೇಕು.

ಶೀತಲ್ ಪೇಟಿಯ ಒಂದು ರೆಕಾರ್ಡಿಂಗ್ ಹಚ್ಚಿದ. ತಂಬೂರಿ ಬಂತು, ಹಿಂದೆಯೇ ತಬಲಾದ ಎಡಗೈ ಎದೆಗೆ ಬಡಿದಂತೆ ಬಂತು. ಪೇಟಿ ಕೆಳಗಿನ ಸ್ವರಗಳಲ್ಲಿ ಓಡಾಡಿತು. ನುಡಿಸುವವನ ಉಗುರು ಮನೆಗೆ ತಾಗುವ ಸದ್ದೂ ಕೇಳಿದಂತಾಗಿ ಅಂದಾನಪ್ಪನ ಕಣ್ಣು ತುಂಬಿತು. ಆಮೇಲೆ ಪೇಟಿ ಮೇಲೇರತೊಡಗಿತು. ಅವನು ಉಸಿರು ಹಿಡಿದು ಕಾದ. ಏಣಿ ಹತ್ತಿದವನು ಅಟ್ಟದ ಕತ್ತಲೆಯಲ್ಲಿ ಕರಗಿದಂತೆ, ಮೇಲೆ ಹೋದ ಸ್ವರ ಬರೀ ಒಂದು ಮಬ್ಬಾಗಿ ಉಳಿಯಿತು.

ಎರಡನೆಯ ಜೋಡಿ ಹಾಕಿದರು. ಅದರಲ್ಲೂ ಹಾಗೆಯೇ.

"ಎರಡೂ ಒಂದ ಅದಾವಲ್ಲೋ."

ಶೀತಲ್ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಚ್ಯಾಷ್ಟಿ ಮಾಡಬ್ಯಾಡ್ರಿ ಅಂದಾನಪ್ಪಾರ. ಒಂದ್ರಾಗ ಮ್ಯಾಲಿನ ಸ್ವರ ಸೂಜಿ ಮೊನಿ ಹಂಗ ಅದಾವ. ಇನ್ನೊಂದ್ರಾಗ ಭಾಳ ಮೆತ್ತಗ. ನನ್ನಂಥಾ ದಡ್ಡಗೂ ಅಷ್ಟು ತಿಳೀತೈತ್ರಿ."

ಅಂದಾನಪ್ಪ ರಬ್ಬರು ಬದಲಿಸಿದ. ಬಲಗಡೆಯದನ್ನು ಎಡಕ್ಕೆ ಹಾಕಿಕೊಂಡ. ಕಿವಿಯನ್ನು ಪಂಚೆಯ ತುದಿಯಿಂದ ಒರೆಸಿಕೊಂಡ. ಸುನಿತಾ ಸೂಜಿ ನಿಲ್ಲಿಸಿ ನೋಡುತ್ತಿದ್ದಳು.

ಶೀತಲ್‌ನ ಪ್ಲೇಯರಿನಲ್ಲಿ ಇಯರ್‌ಫೋನ್ ಪರೀಕ್ಷೆಗೆಂದು ಒಂದು ಸದ್ದು ಇತ್ತು. ತೀರ ಕೆಳಗಿನಿಂದ ಹೊರಟು ನಿಧಾನವಾಗಿ ಏರುತ್ತ ಹೋಗಿ, ಮನುಷ್ಯರ ಕಿವಿಯ ಆಚೆ ಮುಗಿಯುವ ಸದ್ದು. ಅದನ್ನು ಹಚ್ಚು ಎಂದು ಅಂದಾನಪ್ಪನೇ ಹಟ ಹಿಡಿದ. ಒಂದು ತುಂಡು ತನ್ನ ಕಿವಿಗೆ, ಇನ್ನೊಂದು ಮಗಳ ಕಿವಿಗೆ. ಕೇಳುವಷ್ಟು ಹೊತ್ತು ಕೈ ಎತ್ತಿ ಹಿಡಿಯಬೇಕು, ನಿಂತಾಗ ಇಳಿಸಬೇಕು.

ಇಬ್ಬರೂ ಕೈ ಎತ್ತಿದರು. ಸುನಿತಾ ಕಣ್ಣು ಮುಚ್ಚಿದಳು. ಸದ್ದು ಪೇಟಿಯ ಕಟ್ಟಕಡೆಯ ಮನೆಯ ಎತ್ತರ ದಾಟಿ ಸ್ವಲ್ಪವೇ ಮುಂದೆ ಹೋಗಿತ್ತು, ಅಂದಾನಪ್ಪನ ಕೈ ಇಳಿಯಿತು. ಮುಗಿಯಿತೆಂದುಕೊಂಡು ಅವನು ಮಗಳನ್ನು ನೋಡಿದ. ಅವಳ ಕೈ ಮೇಲೆಯೇ ಇತ್ತು. ಅವನು ಕಾದ. ಯಂಕಪ್ಪ ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿಕೊಳ್ಳುವವರೆಗೂ ಆ ಕೈ ಇಳಿಯಲಿಲ್ಲ. ಕೊನೆಗೆ ಹುಬ್ಬು ಗಂಟಿಕ್ಕಿ ಕೈ ಇಳಿಸಿ ಸುನಿತಾ ಕಣ್ಣು ತೆರೆದಳು. ಅಪ್ಪನ ಕೈ ತೊಡೆಯ ಮೇಲಿದ್ದುದನ್ನು ಕಂಡಳು. ತನ್ನ ಕಿವಿಯ ತುಂಡನ್ನು ಮೆಲ್ಲಗೆ ತೆಗೆದಳು.

ರೀಡು ನುಡಿದಾಗ ಅದರ ಸ್ವರಕ್ಕಿಂತ ಬಹಳ ಮೇಲೆ ಸಣ್ಣ ಸಣ್ಣ ನಾದಗಳೂ ಏಳುತ್ತವೆ; ಸಣ್ಣ ಅಲೆಗಳು ಸಿಗುವುದು ಆ ಎತ್ತರದಲ್ಲೇ, ಅವನ ಕೈ ಇಳಿದ ಮೇಲಿನ ಜಾಗದಲ್ಲಿ. ಅಂಗಡಿಯಲ್ಲಿದ್ದವರಲ್ಲಿ ಅದು ಸರಿಯಾಗಿ ಗೊತ್ತಿದ್ದದ್ದು ಅವನೊಬ್ಬನಿಗೇ.

"ವಯಸ್ಸಾದಿಂದ ಎಲ್ಲಾರಿಗೂ ಹಿಂಗ ಆಗತೈತ್ರಿ," ಎಂದ ಶೀತಲ್. ತಂದದ್ದು ತಪ್ಪಾಯಿತು ಎಂಬುದು ಅವನ ಮುಖದಲ್ಲಿತ್ತು. "ಕಿವಿಗೆ ಹಾಕೋ ಮಶೀನ್ ಬರತಾವಲ್ರಿ."

"ಅದನ್ನ ಹಾಕ್ಕೊಂಡ್ರ ಎರಡು ರೀಡಿನ ನಡುವಿನ ಅಲೆ ಸಿಗತೈತೇನ?"

ಶೀತಲ್ ಒಂದು ಡಬ್ಬಿಯ ಮುಚ್ಚಳ ಹಾಕಿದ. "ಮಾತು ಕೇಳತಾವ್ರಿ," ಎಂದ.

ಅಂದಾನಪ್ಪ ಯಂಕಪ್ಪನ ಕಡೆ ತಿರುಗಿದ. "ಯಂಕಪ್ಪಾ, ಸ್ವರಾ ಮುಟ್ಟಬ್ಯಾಡ ಅಂದ್ಯಲ್ಲ. ಯಾಕ?"

"ಏ, ಸುಮ್ನ ಅಂದ್ನೋ ಅಣ್ಣಾ."

"ಖರೆ ಹೇಳು. ಗುರುವಿನ ಆಣಿ ಐತಿ ನಿನಗ."

ಯಂಕಪ್ಪ ಎದ್ದು ಬಾಗಿಲಿಗೆ ಹೋಗಿ ಎಲೆ ಉಗುಳಿ ಬಂದ. ಕೂತು ನೆಲಕ್ಕೆ ಹೇಳುವಂತೆ ಹೇಳಿದ. ಎರಡು ಶ್ರಾವಣದಿಂದ ಮೇಲಿನ ಸಾ ಚೀರುತ್ತಿತ್ತು. ಮೊದಲ ಸೋಮವಾರ ಭಜನೆಯ ಪದ ಏರುತ್ತಲೇ ಹೆಣ್ಣುಮಕ್ಕಳು ಕಿವಿ ಮುಚ್ಚಿಕೊಂಡರು. ಮಂಡಳಿಯವರು ಕೂತು ಮಾತಾಡಿದರು. ಅಂದಾನಪ್ಪನ ಕೈ ತಾಗಿದ ಪೇಟಿಗೆ ದೋಷ ಹೇಳುವುದು ಹೇಗೆ? ಅದಕ್ಕೆ ಪದಗಳನ್ನೇ ಕೆಳಗೆ ಇಳಿಸಿಕೊಂಡರು. ಮೇಲೆ ಹೋಗುವ ಪದಗಳನ್ನು ಬಿಟ್ಟರು.

"ಬಿಟ್ರಿ?"

"ಬಿಟ್ವಿ. ಕೆಳಗೂ ಭಾಳ ಪದಾ ಅದಾವ ಬಿಡೋ ಅಣ್ಣಾ."

"ಹಿರೇಹಂದಿಗೋಳದವ್ರು?"

"ಅವರೂ ಹಂಗ ಮಾಡ್ಯಾರಂತ. ಕೊರ್ಲಹಳ್ಳಿದು ನನಗ ಖಬರಿಲ್ಲ."

ಎರಡು ವರ್ಷ ದೂರೇ ಬರದಿದ್ದುದನ್ನು ಕಂಡು ಅಂದಾನಪ್ಪ ತನ್ನ ಕಸುಬು ಅತ್ಯಂತ ಎತ್ತರ ಮುಟ್ಟಿದೆ ಎಂದು ತಿಳಿದಿದ್ದ. ಶೇಖವ್ವನ ಮುಂದೆ ಹಾಗೆಂದು ಹೇಳಿಯೂ ಇದ್ದ. ಅವನು ಸೊರಟೂರಿನ ಪೇಟಿಯಿಂದ ಮೇಲಿನ ರೀಡುಗಳನ್ನು ತೆಗೆದು ಬೆಳಕಿಗೆ ಹಿಡಿದ. ಕಣ್ಣು ಸುಳ್ಳು ಹೇಳಲಿಲ್ಲ. ಅಲೆ ಸಿಗದೆ ಮತ್ತೆ ಮತ್ತೆ ಕೆರೆದ ತುದಿಗಳು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದ್ದವು.

"ಅಪ್ಪಾ," ಎಂದಳು ಸುನಿತಾ, "ನಾ ಕೇಳತೇನಿ. ನೀ ಕೆರಿ."

ರೀಡುಗಳನ್ನು ಮತ್ತೆ ಕೂಡಿಸಿ ಹಾಗೂ ಮಾಡಿ ನೋಡಿದರು. ಅವಳು ತಿದಿ ಒತ್ತಿ ಕಿವಿ ಹತ್ತಿರ ತಂದಳು. ಏರಿಹೋದ ಸ್ವರವನ್ನು ಇಳಿಸಲು ಅವನು ಈ ಸಲ ಬುಡಕ್ಕೆ ಅರ ಇಟ್ಟ. ಅವಳಿಗೆ ಅಲೆ ಎಂದರೇನೆಂದು ತೋರಿಸಿಕೊಡಲು ಅವನಿಗೆ ಅಲೆ ಕೇಳುತ್ತಿರಲಿಲ್ಲ. "ಇನ್ನೂ ನಡಗತೈತಿ," ಎಂದಳು. ಒಂದು ಎಳೆತ. "ಇನ್ನೂ." ಮತ್ತೊಂದು. "ಸಾಕು" ಎಂದಳು. ಆ ಮಾತು ಅವಳ ಬಾಯಿಂದ ಹೊರಟು ಅವನ ಕೈ ಮುಟ್ಟುವುದರೊಳಗೆ ಅರ ಇನ್ನೊಂದು ಸಲ ಹೋಗಿಬಿಟ್ಟಿತ್ತು. ರೀಡು ಟಣ್ ಎಂದು ಬುಡದಲ್ಲಿ ಮುರಿಯಿತು. ಈ ಸದ್ದು ಅವನಿಗೂ ಕೇಳಿಸಿತು.

"ನಾ ತಡಾ ಮಾಡಿದೆ," ಎಂದಳು ಸುನಿತಾ.

"ನಿಂದೇನೂ ಇಲ್ಲವ್ವಾ. ಕೇಳೋದು ಒಬ್ಬರು, ಕೆರಿಯೋದು ಒಬ್ಬರು ಆದ್ರ ಹಿಂಗ."

ಹದಿನೈದು ವರ್ಷದ ಹಿಂದೆ, ಮದುವೆಗೆ ಮುಂಚೆ, ಅವಳೇ ಬಂದು ಕಲಿಸು ಎಂದು ಕೇಳಿದ್ದಳು. ಹೆಣ್ಣುಮಗಳಿಗೆ ಅರ ಯಾಕೆ ಎಂದು ಅವನೇ ನಕ್ಕು ಕಳಿಸಿದ್ದ. ಇಬ್ಬರಿಗೂ ಅದು ನೆನಪಿತ್ತು. 

ಮುರಿದ ರೀಡಿನ ಬಾಯಿಗೂ ಅದರ ಜೋಡಿಗೂ ಕಾಗದ ಹಚ್ಚಿ, ಆ ಒಂದು ಮನೆಯನ್ನು ಮೂಕ ಮಾಡಿ, ಅಂದಾನಪ್ಪ ಪೇಟಿಯನ್ನು ಯಂಕಪ್ಪನ ಮುಂದೆ ಇಟ್ಟ. ಹುಬ್ಬಳ್ಳಿಗೋ ಮಿರಜಿಗೋ ಒಯ್ದು ಹೊಸ ರೀಡು ಹಾಕಿಸು ಎಂದ. ಉಳಿದ ಊರಿನವರಿಗೂ ತಿಳಿಸು, ನಾನೇ ಹೇಳಿದೆನೆಂದು ಹೇಳು ಎಂದ.

"ನಾ ಹೆಂಗ ಹೇಳ್ಲೋ ಅಣ್ಣಾ ಅಂಥಾ ಮಾತು," ಎಂದು ಯಂಕಪ್ಪ ಗಂಟು ಕಟ್ಟಿದ. ಸಮಾಧಾನಕ್ಕೆಂದು ಒಂದು ಮಾತು ಸೇರಿಸಿದ: "ಆ ಮನಿ ಮೂಕ ಆದ್ರೂ ಅಡ್ಡಿಯಿಲ್ಲ ಬಿಡು. ಹೆಂಗೂ ನಾವು ಅಲ್ಲಿ ತನಕ ಹೋಗೂದಿಲ್ಲಲ್ಲ."

ಶೀತಲ್ ಎರಡೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡ. ಯಾವುದು ಇಟ್ಟುಕೊಳ್ಳಲಿ ಎಂದು ಮತ್ತೆ ಕೇಳಲಿಲ್ಲ. ಹೋಗುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಯಂಕಪ್ಪ ಯಾರಿಗೂ ಹೇಳಲಿಲ್ಲ. ಮುಂದಿನ ವಾರ ಹಿರೇಹಂದಿಗೋಳದ ಹೇಮಪ್ಪ ಎಂದಿನಂತೆ ಪೇಟಿ ತಂದು ಕಟ್ಟೆಯ ಮೇಲಿಟ್ಟ.

"ಹೇಮಪ್ಪಾ, ಒಯ್ದುಬಿಡಪಾ. ನನಗ ಕೇಳ್ಸೂದಿಲ್ಲ."

ಹೇಮಪ್ಪ ಗಹಗಹಿಸಿ ನಕ್ಕ. "ನಿಮಗ ಕೇಳಲಿಲ್ಲಂದ್ರ ಈ ಜಿಲ್ಲಾದಾಗ ಯಾರಿಗೆ ಕೇಳತೈತ್ರಿ? ಅಮಾಸಿ ಮುಂದ ಬರತೇನಿ." ಅವನು ಹೋಗಿಯೇಬಿಟ್ಟ. ಶಿರಹಟ್ಟಿಯವರು ಬಂದರು. ಅವರಿಗೂ ಅವನು ಅದನ್ನೇ ಹೇಳಿದ. ದೊಡ್ಡವರ ವಿನಯ ಎಂದುಕೊಂಡು ಅವರು ಕೈ ಮುಗಿದರು. ಅಮಾವಾಸ್ಯೆಯ ಹೊತ್ತಿಗೆ ಅಂಗಡಿಯಲ್ಲಿ ಆರು ಪೇಟಿಗಳು ಕೂಡಿದ್ದವು. ಅಂದಾನಪ್ಪ ಒಂದಕ್ಕೂ ಅರ ತಾಗಿಸಲಿಲ್ಲ. ಧೂಳು ಒರೆಸಿದ, ತಿದಿಗೆ ತೊಗಲು ಹಚ್ಚಿದ, ಮನೆಗಳನ್ನು ಬಿಳಿ ಬಟ್ಟೆಯಿಂದ ಹೊಳೆಯುವವರೆಗೆ ತಿಕ್ಕಿದ.

ಅಮಾವಾಸ್ಯೆಯ ಹಿಂದಿನ ದಿನ ಹೇಮಪ್ಪ ಬಂದು, ಕಟ್ಟೆಯ ಮೇಲೆ ಕೂತು ನಾಲ್ಕು ಸಾಲು ನುಡಿಸಿದ.

"ಭಾಳ ಚಲೋ ಆತ್ರಿ. ಸ್ವರಾ ಅಂದ್ರ ಹಿಂಗಿರಬೇಕ ನೋಡ್ರಿ."

ಅಂದಾನಪ್ಪ ಅವನ ಬೆರಳುಗಳನ್ನೇ ನೋಡುತ್ತಿದ್ದ. ಅವು ಸಲೀಸಾಗಿ ಮೇಲೇರಿದವು. ನಿಷಾದ ಮುಟ್ಟಿದವು. ಮೇಲಿನ ಸಾ ಮುಂದಿನ ಮನೆಯಲ್ಲೇ ಇತ್ತು. ಬೆರಳುಗಳು ಅಲ್ಲಿ ಒಂದು ಕ್ಷಣವೂ ತಡೆಯದೆ, ಗೊತ್ತಿರುವ ಗುಂಡಿಯನ್ನು ಬಳಸಿ ಹೋಗುವ ಎತ್ತಿನಂತೆ, ಹಿಂದಕ್ಕೆ ತಿರುಗಿದವು.

"ಇನ್ನೊಂದೀಟು ಮ್ಯಾಲ ಹೋಗು ಹೇಮಪ್ಪಾ," ಎಂದ ಅಂದಾನಪ್ಪ. "ಒಂದ ಒಂದು ಮನಿ."

"ಇಲ್ರಿ, ಬಸ್ಸಿಗೆ ಹೊತ್ತಾತು," ಎಂದು ಹೇಮಪ್ಪ ಜಲ್ದಿ ಜಲ್ದಿ ತಿದಿ ಮುಚ್ಚಿ, ಪೇಟಿಗೆ ಬಟ್ಟೆ ಕಟ್ಟಿದ. ಹಿರೇಹಂದಿಗೋಳದ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು.